ಮೈಟೋಕಾಂಡ್ರಿಯ ಅಮ್ಮನದೇ ಯಾಕೆ? ಅಪ್ಪನದು ಎಲ್ಲಿ ಹೋಗುತ್ತದೆ?

ಹನುಮಂತನಗರದ ಅಪ್ಪ:
ಮಗಳು ಸೆಕೆಂಡ್ ಪಿಯುಸಿ. ನಿನ್ನೆ ರಾತ್ರಿ ಸಾರನ್ನಕ್ಕೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅಪ್ಪಾ, ನನ್ನ ಮೈಟೋಕಾಂಡ್ರಿಯ ಎಲ್ಲಾ ಅಮ್ಮನದು, ನಿಂದು ಒಂದೂ ಇಲ್ಲ" ಅಂದಳು. ಮೈಟೋಕಾಂಡ್ರಿಯ ಅಂದರೆ ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳಂತೆ. ಅತ್ತೆಯವರು ಊರಿಂದ ಬಂದಿದ್ದಾರೆ. ಅವರಿಗೆ ಅರ್ಥವಾಗಿದ್ದು ಅಷ್ಟಿಷ್ಟು, ಖುಷಿಯಾಗಿದ್ದು ಮಾತ್ರ ಪೂರ್ತಿ. ವೀರ್ಯಾಣುವಿನ ತಲೆ ಮಾತ್ರ ಅಂಡದೊಳಗೆ ಹೋಗುತ್ತದೆ, ಬಾಲ ಹೊರಗೇ ಉಳಿಯುತ್ತದೆ, ಅದಕ್ಕೇ ಹೀಗೆ ಅಂತ ಟ್ಯೂಷನ್ನಿನಲ್ಲಿ ಹೇಳಿದರಂತೆ. ನಾನು ಓದಿದ್ದು ಕಾಮರ್ಸ್. ಇದು ನಿಜವಾ?

ರಿಟೈರ್ಡ್ ಜೂವಾಲಜಿ ಮೇಷ್ಟ್ರು:
ಈ ಬಾಲದ ಕಥೆಯನ್ನು ನಾನೂ ಎಷ್ಟೋ ವರ್ಷ ಹೇಳಿದ್ದೇನೆ. ತಪ್ಪು ನನ್ನದೂ ಇದೆ. ಮನುಷ್ಯರಲ್ಲಿ ಬಾಲವೂ ಒಳಗೆ ಹೋಗುತ್ತದೆ. ವೀರ್ಯಾಣುವಿನ ಕತ್ತಿನ ಹಿಂದೆ 50-75 ಮೈಟೋಕಾಂಡ್ರಿಯ ಸುರುಳಿ ಸುತ್ತಿಕೊಂಡಿರುತ್ತವೆ. ಅವೂ ಒಳಗೆ ಬರುತ್ತವೆ, ಆದರೆ ಉಳಿಯುವುದಿಲ್ಲ. ರಸ್ತೆ ಅಗಲ ಮಾಡುವಾಗ ಒಡೆಯಬೇಕಾದ ಕಾಂಪೌಂಡಿಗೆ ಕೆಂಪು ಬಣ್ಣದ ಗುರುತು ಹಾಕುತ್ತಾರಲ್ಲ, ಹಾಗೆ ಅವುಗಳ ಮೇಲೆ ಯುಬಿಕ್ವಿಟಿನ್ ಎಂಬ ಪ್ರೋಟೀನಿನ ಗುರುತು ಇರುತ್ತದೆ. ಹಸು ಮತ್ತು ಕೋತಿಗಳಲ್ಲಿ ಇದನ್ನು 1999ರಲ್ಲಿ ಕಂಡರು. ಗುರುತು ಇದ್ದವನ್ನು ಅಂಡವೇ ಒಡೆದು ಹಾಕುತ್ತದೆ. ಇನ್ನೂ ತಮಾಷೆ ಕೇಳಿ. 2023ರಲ್ಲಿ ಮನುಷ್ಯರ ವೀರ್ಯಾಣು ನೋಡಿದರೆ, ಅದರ ಮೈಟೋಕಾಂಡ್ರಿಯದಲ್ಲಿ ಡಿಎನ್‌ಎ ಹೆಚ್ಚೂಕಡಿಮೆ ಇಲ್ಲವೇ ಇಲ್ಲ! ಬರುವಾಗಲೇ ಖಾಲಿ ಟಿಫಿನ್ ಡಬ್ಬಿ. ಅಂಡದಲ್ಲೋ ಲಕ್ಷಕ್ಕೂ ಜಾಸ್ತಿ ಪ್ರತಿ.

ಹನುಮಂತನಗರದ ಅಪ್ಪ:
ಅಷ್ಟು ಕಷ್ಟಪಟ್ಟು ಓಡಿಸುವುದು ಯಾಕೆ ಸಾರ್? ಇದ್ದರೆ ಏನು ತೊಂದರೆ?

ರಿಟೈರ್ಡ್ ಜೂವಾಲಜಿ ಮೇಷ್ಟ್ರು:
ಇದಕ್ಕೆ ಒಂದೇ ಉತ್ತರ ಇಲ್ಲ, ಜಗಳ ಇನ್ನೂ ನಡೆದಿದೆ. ನನಗೆ ಸರಿ ಅನ್ನಿಸುವುದು ಇದು: ಎರಡು ಬಗೆ ಬೆರೆತರೆ ಹೊಂದಾಣಿಕೆ ಕೆಡುತ್ತದೆ. 2012ರಲ್ಲಿ ಇಲಿಗಳಲ್ಲಿ ಎರಡು ಬಗೆಯ ಮೈಟೋಕಾಂಡ್ರಿಯ ಡಿಎನ್‌ಎ ಬೆರೆಸಿದ್ದರು. ಎರಡೂ ಆರೋಗ್ಯವಾಗೇ ಇದ್ದವು. ಆದರೂ ಆ ಇಲಿಗಳ ನಡವಳಿಕೆ, ಕಲಿಕೆ ಎರಡೂ ಹದಗೆಟ್ಟವು. ನೀವು ಬೇಜಾರಾಗಬೇಡಿ. ಮೈಟೋಕಾಂಡ್ರಿಯದ ಸ್ವಂತ ಜೀನ್ 37 ಮಾತ್ರ. ಅದಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನುಗಳ ಜೀನ್ ಇರುವುದು ಕೋಶಕೇಂದ್ರದಲ್ಲಿ. ಅಲ್ಲಿ ನಿಮ್ಮ ಪಾಲು ಇದ್ದೇ ಇದೆ.

ವಿಜಯನಗರದ ಮಂಗಳೂರಿನವಳು:
ಇದು ನಮ್ಮ ಊರಿನ ಅಳಿಯಕಟ್ಟು ಅಲ್ವಾ! ಬಳಿ, ಅಂದರೆ ಕುಲದ ಹೆಸರು, ಅಮ್ಮನಿಂದಲೇ. ಗಂಡುಮಕ್ಕಳಿಗೂ ಬರುತ್ತದೆ, ಅವರಿಂದ ಮುಂದಕ್ಕೆ ಹೋಗುವುದಿಲ್ಲ.

ಹನುಮಂತನಗರದ ಅಪ್ಪ:
ಥ್ಯಾಂಕ್ಸ್ ಮೇಷ್ಟ್ರೇ. 37ರ ಲೆಕ್ಕ ಮಗಳಿಗೆ ಹೇಳಿದೆ, ಒಪ್ಪಿದಳು. ಆಮೇಲೆ ಸುಮ್ನೆ ಕೂತು ಯೋಚಿಸಿದೆ. ನನ್ನ ಅಮ್ಮನದು ನನ್ನಲ್ಲಿ ನಿಲ್ಲುತ್ತದೆ. ತಂಗಿ ಇದ್ದಾಳೆ, ಅವಳಿಗೆ ಇಬ್ಬರೂ ಗಂಡುಮಕ್ಕಳು.