ಸಹಾಯ ಬೇಕು: ಅಪ್ಪನಿಗೆ ಸ್ಪೆಕ್ಟ್-ಸಿಟಿ ಪರೀಕ್ಷೆ ಮಾಡಿಸಬೇಕಿದೆ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 67 ವರ್ಷ. ಸಕ್ಕರೆ ಕಾಯಿಲೆ, ಆಸ್ತಮಾ ಎರಡೂ ಇವೆ. ಸಿಟಿ ಆಂಜಿಯೋಗ್ರಾಮ್‌ನಲ್ಲಿ ಹೃದಯದ ಮುಂಭಾಗದ ರಕ್ತನಾಳ ಕಿರಿದಾಗಿರುವುದು ಕಂಡಿದೆ. ಆದರೆ ನಾಳದಲ್ಲಿ ಕ್ಯಾಲ್ಸಿಯಂ ಬಹಳ ಕಟ್ಟಿಕೊಂಡಿರುವುದರಿಂದ ಅಡಚಣೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿರಬಹುದು ಎನ್ನುತ್ತಾರೆ ವೈದ್ಯರು. ಹೃದಯದ ಸ್ನಾಯುವಿಗೆ ರಕ್ತ ನಿಜವಾಗಿಯೂ ಕಡಿಮೆಯಾಗುತ್ತಿದೆಯೇ ಎಂದು ತಿಳಿಯಲು ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತುವಿನ ಚುಚ್ಚುಮದ್ದು ಕೊಟ್ಟು, ಅದು ಹೃದಯದಲ್ಲಿ ಎಲ್ಲೆಲ್ಲಿ ಸೇರಿದೆ ಎಂದು ತೋರಿಸುವ ಸ್ಪೆಕ್ಟ್ ಚಿತ್ರ ತೆಗೆದು, ಸಿಟಿ ಚಿತ್ರದ ಮೇಲೆ ಹೊಂದಿಸಿ ನೋಡಬೇಕಂತೆ. ಸ್ಟೆಂಟ್ ಬೇಕೋ, ಮಾತ್ರೆ ಸಾಕೋ ಎಂಬುದು ಆಮೇಲಿನ ಮಾತು.

ಈ ಪರೀಕ್ಷೆಗೆ ಹೃದಯಕ್ಕೆ ಶ್ರಮ ಕೊಡಬೇಕು, ಆದರೆ ಮಂಡಿನೋವಿನಿಂದಾಗಿ ಅಪ್ಪ ಟ್ರೆಡ್‌ಮಿಲ್ ಮೇಲೆ ನಡೆಯಲಾರರು. ಅದರ ಬದಲು ರಕ್ತನಾಳ ಹಿಗ್ಗಿಸುವ ಔಷಧಿ ಅಡೆನೋಸಿನ್ ಕೊಟ್ಟರೆ ಉಬ್ಬಸ ಕೆರಳೀತೆಂದು ನನಗೆ ಭಯ. ಆಸ್ತಮಾ ಇರುವ ಹಿರಿಯರಿಗೆ ಹೃದಯ ಬಡಿತ ಹೆಚ್ಚಿಸುವ ಔಷಧಿ ಡೊಬುಟಮಿನ್ ಕೊಟ್ಟು ಈ ಪರೀಕ್ಷೆ ಮಾಡಿಸಿದವರು ಇದ್ದೀರಾ? ಮೈಸೂರಿನಲ್ಲೋ ಬೆಂಗಳೂರಿನಲ್ಲೋ, ಖರ್ಚು ಎಷ್ಟಾಯಿತು? ಮುಂದಿನ ವಾರದೊಳಗೆ ದಿನ ಗೊತ್ತು ಮಾಡಬೇಕಿದೆ. ದಯವಿಟ್ಟು ತಿಳಿಸಿ.