ಮಗಳ ತಲೆಯಲ್ಲಿ ಎರಡು ಸುಳಿ, ಈಗ ಒಂದು ಬೋಳು ಕಲೆ: ಕಾರಣವೇನಿರಬಹುದು?

ಶಾಲ್ಮಲೆ:
ನನ್ನ ಎಂಟು ವರ್ಷದ ಮಗಳಿಗೆ ಹುಟ್ಟಿನಿಂದಲೇ ನೆತ್ತಿಯ ಮೇಲೆ ಎರಡು ಸುಳಿಗಳಿವೆ. ಹೀಗಾಗಿ ಬೈತಲೆ ಎಂದೂ ನೇರವಾಗಿ ನಿಲ್ಲುವುದಿಲ್ಲ. ಈಚೆಗೆ ಎಡಗಿವಿಯ ಹಿಂದೆ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಉದುರಿದೆ. ಮನೆಯ ಹಿರಿಯರು ‘ಹುಳ ತಿಂದಿದೆ, ಬೆಳ್ಳುಳ್ಳಿ ಉಜ್ಜು’ ಎನ್ನುತ್ತಿದ್ದಾರೆ. ಸುಳಿಗೂ ಇದಕ್ಕೂ ಸಂಬಂಧವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಹೊನ್ನೆಮರ:
ಸಂಬಂಧವಿಲ್ಲ. ಕೂದಲ ಬುಡ ಯಾವ ಕಡೆಗೆ ವಾಲಿರಬೇಕೆಂಬುದು ಮಗು ಗರ್ಭದಲ್ಲಿರುವಾಗಲೇ ತೀರ್ಮಾನವಾಗುತ್ತದೆ. ಆ ವಾಲು ಸುತ್ತುಗಟ್ಟಿದ ಜಾಗವೇ ಸುಳಿ. ಹೆಚ್ಚಿನವರಿಗೆ ಒಂದೇ ಇರುತ್ತದೆ, ಆದರೆ ಆರೋಗ್ಯವಂತ ಮಕ್ಕಳಲ್ಲೂ ಎರಡು ಕಾಣುವುದುಂಟು. (ಎರಡು ಸುಳಿಗೆ ಎರಡು ಮದುವೆ ಎಂದು ಹೇಳುವವರು ನಿಮಗೂ ಸಿಕ್ಕಿರಬೇಕು, ಕಿವಿಗೆ ಹಾಕಿಕೊಳ್ಳಬೇಡಿ.) ಬೋಳು ಕಲೆ ಹೊಸದಾಗಿ ಬಂದದ್ದರಿಂದ ಅದನ್ನು ಬೇರೆಯಾಗಿಯೇ ನೋಡಬೇಕು. ಅಲ್ಲಿ ಚರ್ಮ ನುಣುಪಾಗಿದೆಯೇ, ಹೊಟ್ಟು ಏಳುತ್ತಿದೆಯೇ?

ಸೋನೆಮಳೆ:
ಆ ಪ್ರಶ್ನೆ ಮುಖ್ಯವಾದದ್ದು. ಹೊಟ್ಟು, ತುರಿಕೆ, ಬುಡದಲ್ಲೇ ತುಂಡಾದ ಕೂದಲಿನ ಕಪ್ಪು ಚುಕ್ಕೆಗಳು ಇದ್ದರೆ ಅದು ಶಿಲೀಂಧ್ರದಿಂದ ಬಂದ ಹುಳುಕಡ್ಡಿಯಾಗಿರಬಹುದು. ಶಿಲೀಂಧ್ರವು ಕೂದಲಿನ ಒಳಗೇ ಸೇರಿಕೊಳ್ಳುವುದರಿಂದ ಬರೀ ಮುಲಾಮು ಸಾಲದು, ವೈದ್ಯರು ಹೊಟ್ಟೆಗೆ ಔಷಧ ಕೊಡುತ್ತಾರೆ, ಗುಣವಾಗುವವರೆಗೆ ಬಾಚಣಿಗೆ ಮತ್ತು ಟವೆಲ್ ಬೇರೆ ಇಡಬೇಕು. ಶಾಲೆಗೆಂದು ದಿನವೂ ಬಿಗಿಯಾಗಿ ಜಡೆ ಹಾಕಿದರೂ ಕೂದಲು ಹೋಗುತ್ತದೆ, ಆದರೆ ಅದು ಸಾಮಾನ್ಯವಾಗಿ ಹಣೆಯಂಚಿನಲ್ಲಿ ಮತ್ತು ಕಿವಿಯ ಮುಂದಿನ ಕೂದಲಂಚಿನಲ್ಲಿ ತೆಳುವಾಗುತ್ತಾ ಬರುತ್ತದೆಯೇ ಹೊರತು ಹೀಗೆ ದುಂಡಗೆ ಅಲ್ಲ.

ಶಾಲ್ಮಲೆ:
ಇಬ್ಬರಿಗೂ ಧನ್ಯವಾದಗಳು. ಬೆಳಕಿನಲ್ಲಿ ನೋಡಿದೆ. ಚರ್ಮ ನುಣುಪಾಗಿದೆ, ಹೊಟ್ಟಿಲ್ಲ, ತುರಿಕೆಯೂ ಇಲ್ಲ. ನಡುವೆ ಎಳೆಯ ಬಿಳಿ ಕೂದಲು ನಾಲ್ಕಾರು ಕಾಣುತ್ತಿದೆ.

ಹೊನ್ನೆಮರ:
ನೀವು ಹೇಳುವ ಲಕ್ಷಣಗಳು ಅಲೋಪೇಶಿಯಾ ಏರಿಯೇಟಾಕ್ಕೆ ಹೆಚ್ಚು ಹೊಂದುತ್ತವೆ. ಇದರಲ್ಲಿ ಹುಳದ ಪಾತ್ರವೇನೂ ಇಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೂದಲ ಬುಡದ ಮೇಲೆ ಎರಗುತ್ತದೆ. ಬುಡ ಸಾಯುವುದಿಲ್ಲವಾದ್ದರಿಂದ ಕೂದಲು ಮತ್ತೆ ಬರಬಲ್ಲದು, ಮೊದಲು ಬಿಳಿಯಾಗಿ ಬಂದು ಆಮೇಲೆ ಕಪ್ಪಾಗುವುದು ಸಾಮಾನ್ಯ. ಒಂದೇ ಸಣ್ಣ ಕಲೆಯಾದರೆ ಎಷ್ಟೋ ಮಕ್ಕಳಲ್ಲಿ ವರ್ಷದೊಳಗೆ ತಾನಾಗಿಯೇ ತುಂಬಿಕೊಳ್ಳುತ್ತದೆ. ಹಸಿ ಬೆಳ್ಳುಳ್ಳಿಯಂತೂ ಬೇಡ, ಎಳೆಯ ಚರ್ಮ ಸುಟ್ಟು ಗುಳ್ಳೆ ಏಳಬಹುದು. ಒಮ್ಮೆ ಚರ್ಮರೋಗ ತಜ್ಞರಿಗೆ ತೋರಿಸಿ. ಉಗುರಿನಲ್ಲಿ ಸಣ್ಣ ಕುಳಿಗಳಿದ್ದರೆ, ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆಯಿದ್ದರೆ ಅದನ್ನೂ ಅವರಿಗೆ ಹೇಳಿ. ಎರಡನೆಯ ಕಲೆ ಕಂಡರೆ ಅಥವಾ ಹುಬ್ಬು ಉದುರತೊಡಗಿದರೆ ತಡಮಾಡಬೇಡಿ.