ಕಪ್ಪತಗುಡ್ಡದ ಅಂಚಿನಾಗ ಕಾಡುಬಿದ್ದ ದನ, ಹಿಡಿಯೋದು ಹೆಂಗ?

ಮುಂಡರಗಿ_ಎರಿಹೊಲ

ಗುಡ್ಡಕ್ಕ ಹತ್ತಿದ ಊರು ನಮ್ದು. ಯಾರ್ಯಾರೋ ಬಿಟ್ಟ ದನ, ಅವಕ್ಕ ಗುಡ್ಡದಾಗ ಹುಟ್ಟಿದ ಕರ ಎಲ್ಲಾ ಕೂಡಿ ಹದಿನೈದರ ಹಿಂಡಾಗೇತಿ. ಹಗಲೊತ್ತು ಕಾಣಂಗಿಲ್ಲ, ರಾತ್ರಿ ಇಳಿದು ಕಡಲಿ, ಬಿಳಿಜೋಳ ಮೇಯ್ತಾವ. ಅರ್ಧಕ್ಕರ್ಧ ಹಗ್ಗಾನ ಕಂಡಿಲ್ಲ, ಒಂದು ಹೋರಿ ಹಾಯಾಕ ಬರ್ತೈತಿ. ಬೈಕ್, ಪಟಾಕಿ ತಗೊಂಡು ಸುತ್ತುಗಟ್ಟೂಣು ಅಂತಾರ ಹುಡುಗರು. ಹಾವೇರಿಯಿಂದ ಹೋರಿ ಹಿಡಿಯೋರ್ನ ಕರಸ್ರಿ ಅಂತಾರ ಕೆಲವರು. ದನಕ್ಕೂ ಮಂದಿಗೂ ಪೆಟ್ಟಾಗದಂಗ ಹಿಡಿದು ಗೋಶಾಲೆಗೆ ಕಳಿಸೋದು ಹೆಂಗ?

ಕಿಲಾರಿ_ಜೋಡಿ

ಬೈಕೂ ಬ್ಯಾಡ, ಪಟಾಕಿನೂ ಬ್ಯಾಡ ಅಣ್ಣಾರ. ಒಮ್ಮೆ ಬೆದರಿದ ಹಿಂಡು ಒಡೆದು ನಾಲ್ಕು ದಿಕ್ಕಿಗೆ ಹೋಗ್ತೈತಿ, ಮತ್ತ ಒಂದೇ ಕಡೆ ಸೇರಾಕ ವಾರಗಟ್ಟಲೆ ಬೇಕು. ಹೋರಿ ಹಬ್ಬದ ಹುಡುಗರ ಕಸುಬು ಬ್ಯಾರೆ. ಅಖಾಡದಾಗ ಓಡೋ ಹೋರಿ ಮನಿಯಾಗ ಮಂದಿ ಕೈಯಾಗ ಬೆಳೆದದ್ದು. ಗುಡ್ಡದ ಹೋರಿ ಮನುಷ್ಯಾನ್ನ ಕಂಡ್ರ ಮೊದ್ಲು ಓಡ್ತೈತಿ, ಓಡಾಕ ಜಾಗಾ ಇಲ್ಲಂದ್ರ ಹಾಯ್ತೈತಿ.

ಇವನ್ನ ಹಿಡಿಯೋದು ನೀರು: ಕುಡಿಯಾಕ ನೀರಿಟ್ಟು, ಅದರ ಸುತ್ತ ಬೇಲಿ ಹಾಕಿ ದೊಡ್ಡಿ ಮಾಡಬೇಕು. ಫೆಬ್ರವರಿ ಕಡೀಕ ಹಳ್ಳ ಬತ್ತಿದ ಮ್ಯಾಲೆ ಸುರು ಮಾಡ್ರಿ, ಅಡ್ಡಮಳಿ ಬೀಳೋದ್ರಾಗ ಮುಗಸ್ರಿ. ಒಂದು ಮಳಿ ಆತಂದ್ರ ತಗ್ಗುತಗ್ಗಿನ್ಯಾಗ ನೀರು ನಿಂತು ನಿಮ್ಮ ದೊಡ್ಡಿ ಕಡೆ ಯಾವ ದನಾನೂ ಬರಂಗಿಲ್ಲ. ಸಿಂಗಟಾಲೂರು ಏತ ನೀರಾವರಿ ಕಾಲುವಿ ಸಮೀಪ ಇದ್ರೂ ಅಷ್ಟ, ಅದರಾಗ ನೀರು ಬಿಡದ ಹೊತ್ತು ನೋಡ್ರಿ.

ಅವು ಇಳಿಯೋ ದಾರಿ ಸೆಗಣಿ, ಹೆಜ್ಜಿ ನೋಡಿದ್ರ ತಿಳೀತೈತಿ. ಆ ದಾರ್ಯಾಗ, ಆದ್ರ ಗುಡ್ಡದ ಹೊರಗ, ಮೂರಡಿ ಅಗಲ, ಒಂದೂವರೆ ಅಡಿ ಎತ್ತರದ ಸಿಮೆಂಟ್ ರಿಂಗ್ ಮೂರು ಇಟ್ಟು ತಳಕ್ಕ ಗಚ್ಚು ಹಾಕ್ರಿ. ಒಂದೊಂದು ಸುಮಾರು 300 ಲೀಟರ್ ಹಿಡೀತೈತಿ. ಬ್ಯಾಸಗ್ಯಾಗ ದೊಡ್ಡ ದನ ದಿನಕ್ಕ 40–50 ಲೀಟರ್ ಕುಡೀತೈತಿ, ಹದಿನೈದಕ್ಕ ಸಾಕು. ಪಕ್ಕದಾಗ ಉಪ್ಪು, ಒಂದೀಟು ಹಿಂಡಿ, ಜೋಳದ ಕಣಕಿ.

ಸುತ್ತ 30 ಅಡಿ ಅಡ್ಡಳತಿ ದುಂಡಗ ಬೇಲಿ. ಮೂಲಿ ಇದ್ರ ದನ ಅಲ್ಲೇ ಒಂದರ ಮ್ಯಾಲೊಂದು ಬಿದ್ದು ಕೋಡು, ಕಾಲು ಮುರ್ಕೋತಾವ, ಅದಕ್ಕ ದುಂಡಗ. ನೆಲದ ಮ್ಯಾಲೆ ಆರಡಿ, ಒಳಗ ಎರಡೂವರೆ ಅಡಿ, 8 ಅಡಿಗೊಂದು ಕಂಬ. ಮಸಾರಿ ನೆಲದಾಗ ಗಟ್ಟಿ ನಿಲ್ತಾವ. ಎರಿ ಭೂಮಿ ಬ್ಯಾಸಗ್ಯಾಗ ಬಿರಿತು ಅಂದ್ರ ಕಂಬ ಅಲುಗಾಡ್ತೈತಿ, ಅಲ್ಲಿ ಗುಂಡಿಗೆ ಕಲ್ಲು, ಗರಸು ಜಡೀರಿ, ಹೊರಗಿನಿಂದ ಆನಿಕಿ ಕೊಡ್ರಿ. ಅಡ್ಡ ಪೈಪು ಐದು ಸಾಲು, ಒಳಗಡೆಯಿಂದ ಹಸಿರು ನೆರಳುಪರದೆ. ಆಚೆ ಕಾಣಲಿಲ್ಲ ಅಂದ್ರ ಅದನ್ನ ಗ್ವಾಡಿ ಅಂತ ತಿಳೀತಾವ, ನುಗ್ಗಂಗಿಲ್ಲ. ಮುಳ್ಳುತಂತಿ ಮಾತ್ರ ಬ್ಯಾಡ. ಕೆಳಗ ಒಂದಡಿ ಖಾಲಿ ಬಿಡ್ರಿ, ಮೊಲ, ನರಿ ಸಿಕ್ಕೊಳ್ಳಬಾರ್ದು.

ಮೊದಲ ಹತ್ತು ದಿನ 12 ಅಡಿ ಬಾಯಿ ತೆರೆದಿರಲಿ, ಬಂದು ಕುಡಿದು ಹೋಗ್ಲಿ. ಆಮೇಲೆ ದಿನಾ ಒಂದೀಟು ಸಣ್ಣದು ಮಾಡ್ಕೊಂತ ಬರ್ರಿ. ಕಡೀಕ ಒಳಮುಖದ ಬಾಗಲಾ ಕೂಡಸ್ರಿ: ಎರಡೂ ಕಡೆಯಿಂದ ಬಾಗೋ ಉದ್ದನ ಗಳ, ಹೊರಗ ಅಗಲ, ಒಳಗ ತುದಿಗೆ ಒಂದು ಗೇಣು ಸಂದು. ದನ ಒಳಗ ನೂಕ್ಕೊಂಡು ಹೋಗ್ತೈತಿ, ತಿರುಗಿ ಬರಾಕ ಗಳದ ತುದಿ ಅಡ್ಡ. ತುದಿ ಮೊಂಡ ಮಾಡಿ ಹಳೇ ಟ್ಯೂಬ್ ಸುತ್ತಿರಬೇಕು, ಇಲ್ಲಂದ್ರ ದನದ ಪಕ್ಕಡಿ ತೊಗಲು ಹರೀತೈತಿ. ಬಾಗಲಾ ಕೂಡಿಸಿದ ದಿನದಿಂದ ಬೆಳಗಾಗೂದ್ರಾಗ ಹೋಗಿ ನೋಡಲೇಬೇಕು.

ಇನ್ನೊಂದು ಮಾತು. ಮಾಲೀಕರು ಒಪ್ಪಿದ್ರ ಮೂರು ನಾಲ್ಕು ಸಾಧು ಆಕಳ ತಂದು ದೊಡ್ಡ್ಯಾಗ ಬಿಡ್ರಿ. ಅವು ನಿರಾಳ ಮೇಯೋದು ಕಂಡ್ರ ಕಾಡುದನಾನೂ ಇಳೀತಾವ, ಒಳಗ ಸಿಕ್ಕ ಮ್ಯಾಲೂ ಗದ್ದಲ ಕಡಿಮಿ.

ಪಂಚಾಯ್ತಿ_ಕಟ್ಟಿ

ದೊಡ್ಡಿ ಕಟ್ಟೂದ್ರಾಗ ಕಾಗದದ ಕೆಲಸ ಮುಗಿಸಿಕೊಳ್ರಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಗಡಿಯೊಳಗ ಗೂಟ ಹುಗಿಯಾಕೂ ಅರಣ್ಯ ಇಲಾಖೆ ಒಪ್ಪಿಗಿ ಬೇಕು. ಕಂದಾಯ ಜಮೀನಿನ್ಯಾಗ ಕಟ್ಟಿದ್ರೂ ಅವರಿಗೆ ತಿಳಿಸಿರ್ರಿ.

ಆಮೇಲೆ ಪಂಚಾಯ್ತಿಗೆ, ಠಾಣೆಗೆ ಬರೆದು ಕೊಟ್ಟು ಸುತ್ತಲ ಊರಾಗ ಡಂಗುರ ಸಾರಸ್ರಿ. ಕಿವ್ಯಾಗ 12 ಅಂಕಿಯ ಹಳದಿ ಬಿಲ್ಲೆ ಇದ್ರ ಮಾಲೀಕ ಸಿಗ್ತಾನ. ಬೆಳಿ ಹಾಳುಮಾಡಿದ ದನಾನ ಕೊಂಡವಾಡಕ್ಕ (ಅಂಥಾ ದನ ಕೂಡಿಹಾಕೋ ಊರ ದೊಡ್ಡಿಗೆ) ಹಾಕೋ ಕಾಯ್ದೆ ಐತಿ, ಆದ್ರ ಎಷ್ಟೋ ಊರಾಗ ಕೊಂಡವಾಡಕ್ಕ ಬಾಗಲಾನ ಉಳಿದಿಲ್ಲ. ಅದಕ್ಕ ಗೋಶಾಲೆಯವರಿಂದ ಎಷ್ಟು ದನ, ಹೋರಿ ತಗೋತಾರೋ ಇಲ್ಲೋ ಅಂತ ಮೊದಲೇ ಬರೆಸಿಕೊಳ್ರಿ. ಹೋರಿ ಅಂದ ಕೂಡ್ಲೆ ಜಾಗಾ ಇಲ್ಲ ಅನ್ನೋರು ಭಾಳ.

ಮುಂಡರಗಿ_ಎರಿಹೊಲ

ಉಪಕಾರ ಆತ್ರಿ. ಹೊಲದಾಗ ಕೃಷಿಹೊಂಡ ಐತಿ, ರಿಂಗ್ ಬದ್ಲಿ ಅದಕ್ಕ ಬೇಲಿ ಹಾಕಿದ್ರ ನಡೀತೈತೇನು? ಮತ್ತ ಆ ಹೋರಿಗೆ ಮಂಪರು ಇಂಜೆಕ್ಷನ್ ಹೊಡಸ್ಬಹುದಾ?

ಕಿಲಾರಿ_ಜೋಡಿ

ಹೊಂಡ ಬ್ಯಾಡ. ತಾಡಪಾಲು ಹಾಸಿದ ಇಳಿಜಾರಿನ್ಯಾಗ ಗೊರಸು ಜಾರ್ತೈತಿ, ಬಿದ್ದದ್ದು ಏಳಂಗಿಲ್ಲ. ಹೊಂಡಕ್ಕ ಪೂರಾ ಬೇಲಿ ಹಾಕಿ ಅದರ ನೀರನ್ನ ಪೈಪಿನ್ಯಾಗ ರಿಂಗಿಗೆ ಬಿಡ್ರಿ.

ದನದ_ಡಾಕ್ಟರ್_ಗದಗ

ಮಂಪರು ಮದ್ದು ಕೊನೆಯ ದಾರಿ, ಅದೂ ಪಶುವೈದ್ಯರ ಕೈಯಿಂದಲೇ. ಸಾಮಾನ್ಯವಾಗಿ ಬಳಸುವುದು ಕ್ಸೈಲಜಿನ್. ದನಗಳಿಗೆ ಇದು ಕುದುರೆಗಿಂತ ಬಹಳ ಕಡಿಮೆ ಪ್ರಮಾಣದಲ್ಲೇ ಹತ್ತುತ್ತದೆ. ಬಯಲಲ್ಲಿ ಚುಚ್ಚಿದರೆ ಮದ್ದು ಏರುವಷ್ಟರಲ್ಲಿ ಪ್ರಾಣಿ ಕೊರಕಲಿಗೋ ಹಳ್ಳಕ್ಕೋ ಓಡಿ ಬೀಳಬಹುದು. ಅಡ್ಡ ಮಲಗಿದರೆ ಹೊಟ್ಟೆ ಉಬ್ಬುತ್ತದೆ, ಬಾಯಿಗೆ ಬಂದ ಮೇವು ಶ್ವಾಸಕ್ಕೆ ಹೋಗುತ್ತದೆ. ಎದೆಯ ಮೇಲೆ ಕೂರಿಸಿ ಹಿಡಿಯಲು ಜನ ಬೇಕು. ತುಂಬು ಗಬ್ಬದ ಆಕಳಿಗೆ ಕೊಟ್ಟರೆ ಕಂದು ಹಾಕುವ ಅಪಾಯವಿದೆ. ಹೋರಿ ದೊಡ್ಡಿಗೆ ಬಂದ ಮೇಲೆ ನೋಡೋಣ. ಅಲ್ಲೇ ನಾಲ್ಕೈದು ದಿನ ನೀರು, ಮೇವು ಕೊಟ್ಟರೆ ಎಷ್ಟೋ ಸಲ ಇಂಜೆಕ್ಷನ್ ಬೇಕಾಗುವುದೇ ಇಲ್ಲ.

ಲಾರಿಗೆ ಹತ್ತಿಸಲು 28 ಇಂಚು ಅಗಲದ ಓಣಿ ಕಟ್ಟಿ. ಇನ್ನೂ ಅಗಲವಾದರೆ ದನ ಒಳಗೇ ತಿರುಗಿ ನಿಲ್ಲುತ್ತದೆ. ಮೂರೂವರೆ ಅಡಿ ಎತ್ತರದ ಗಾಡಿಗೆ ಕನಿಷ್ಠ ಹತ್ತಡಿ ಉದ್ದದ ಮಣ್ಣಿನ ಇಳಿಜಾರು, ಮೇಲೆ ಹುಲ್ಲು. ದನ ಮುಂದೆ ಹೋಗಬೇಕೆಂದರೆ ಅದರ ಹೆಗಲಿಗಿಂತ ಹಿಂದೆ ನಿಲ್ಲಿ. ಬಾಲ ತಿರುಚಬೇಡಿ, ಕೂಗಬೇಡಿ. ಮೋಟಾರು ವಾಹನ ನಿಯಮದಂತೆ ಒಂದು ದನಕ್ಕೆ 2 ಚದರ ಮೀಟರ್ ಜಾಗ ಬೇಕು. ಅಂದರೆ ಪಿಕಪ್‌ನಲ್ಲಿ ಎರಡು, 14 ಅಡಿ ಉದ್ದ, 6 ಅಡಿ ಅಗಲದ ಗಾಡಿಯಲ್ಲಿ ಮೂರು. ಹದಿನೈದನ್ನು ಒಂದೇ ಲಾರಿಗೆ ತುಂಬಿದರೆ ಪ್ರಕರಣ ಖಂಡಿತ. ಸಾಗಿಸುವ ಮುನ್ನ ನಮ್ಮಿಂದ ಆರೋಗ್ಯ ಪ್ರಮಾಣಪತ್ರ ಪಡೆಯಿರಿ. ಬೆಳಗಿನ ಹತ್ತರೊಳಗೆ ಹೊರಡಿ.

ಗೋಶಾಲೆಯಲ್ಲಿ ಮೂರು ವಾರ ಬೇರೆ ಕಟ್ಟಿಸಿ. ಇವುಗಳಿಗೆ ಕಾಲುಬಾಯಿ ಲಸಿಕೆಯಾಗಲಿ ಚರ್ಮಗಂಟು ಲಸಿಕೆಯಾಗಲಿ ಆಗಿರುವುದಿಲ್ಲ. ಗಬ್ಬ ಕೆಡಿಸುವ ಬ್ರುಸೆಲ್ಲಾ ರೋಗದ ರಕ್ತ ಪರೀಕ್ಷೆಯೂ ಆಗಲಿ. ಗಬ್ಬ ಹೋದ ಆಕಳ ಸತ್ತೆಯನ್ನು (ಮಾಸನ್ನು) ಬರಿಗೈಯಲ್ಲಿ ಮುಟ್ಟಬೇಡಿ, ಆ ರೋಗ ಮನುಷ್ಯರಿಗೂ ಹತ್ತುತ್ತದೆ. ದೊಡ್ಡಿಯಲ್ಲಿ ಯಾವುದಾದರೂ ಬಿದ್ದು ಏಳದಿದ್ದರೆ 1962ಕ್ಕೆ ಕರೆ ಮಾಡಿ, ಪಶು ಆಂಬ್ಯುಲೆನ್ಸ್ ಸ್ಥಳಕ್ಕೇ ಬರುತ್ತದೆ.